ನೆನಪಿನಲ್ಲಿ ಉಳಿಯುವ ಜಾದೂ



ಜಾದೂ ಕಲೆಗೆ ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬರವಿಲ್ಲ. ಇಂದ್ರಜಾಲ ಎನ್ನುತ್ತೇವೆ, ಯಕ್ಷಿಣಿ ಎನ್ನುತ್ತೇವೆ. ಗಾರುಡಿ, ಮೋಡಿ, ಕೈಚಳಕ, ಕಣ್ಕಟ್ಟು ಎಂದೂ ಹೇಳುತ್ತೇವೆ. ಈ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ, ಜಾದೂ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಒಂದೊಂದೂ ಒಂದೊಂದು ಉತ್ತರ ಕೊಡುತ್ತದೆ. ಯಕ್ಷಿಣಿ ಎಂದವರು ಅದನ್ನು ಯಾವುದೋ ಅತಿಮಾನುಷ ಶಕ್ತಿಗೆ ಒಪ್ಪಿಸಿದರು. ಕೈಚಳಕ ಎಂದವರು ಆಟಗಾರನ ಬೆರಳುಗಳಲ್ಲಿ ಇಟ್ಟರು. ಕಣ್ಕಟ್ಟು ಎಂದವರು ನೋಡುವವರ ಕಣ್ಣಿಗೆ ತಂದರು. ವಿಜ್ಞಾನ ಓದಿ, ಆಮೇಲೆ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಪಕನಾಗಿ ಹಲವು ಜಾದೂಗಾರರ ಆಟಗಳನ್ನು ಕ್ಯಾಮೆರಾದ ಹಿಂದಿನಿಂದ ನೋಡಿದ ನನಗೆ ಈ ಪಟ್ಟಿಗೆ ಇನ್ನೊಂದು ಜಾಗವನ್ನು ಸೇರಿಸಬೇಕು ಎನಿಸುತ್ತದೆ. ಅದು ನೋಡಿದವರ ನೆನಪು.

ಆಟ ಮುಗಿದು, ಪರದೆ ಬಿದ್ದು, ಜನ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾ "ನೋಡಿದೆಯಾ, ಹೇಗೆ ಮಾಡಿಬಿಟ್ಟ!" ಎಂದು ಮಾತಾಡಿಕೊಳ್ಳುತ್ತಾರಲ್ಲ, ಆಟದ ಉತ್ತರಾರ್ಧ ನಡೆಯುವುದು ಅಲ್ಲಿ. ಮನೆಗೆ ಹೋಗಿ, ಆಟ ನೋಡದವರಿಗೆ ಅದನ್ನು ವಿವರಿಸುವಾಗ ಅದು ಇನ್ನೂ ಸ್ವಲ್ಪ ಬೆಳೆಯುತ್ತದೆ. ಒಳ್ಳೆಯ ಜಾದೂಗಾರ ಆ ಮಾತುಕತೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಸಿದ್ಧತೆ ನಡೆಸುತ್ತಾನೆ. ಶಾಲೆಯ ವಾರ್ಷಿಕೋತ್ಸವದಲ್ಲೋ, ಗಣೇಶೋತ್ಸವದ ಪೆಂಡಾಲಿನಲ್ಲೋ, ರಾಜ್ಯೋತ್ಸವದ ವೇದಿಕೆಯಲ್ಲೋ ಒಂದೇ ಒಂದು ಆಟವನ್ನಾದರೂ ಜನರೆದುರು ಚೆನ್ನಾಗಿ ತೋರಿಸಬೇಕೆಂಬ ಆಸೆ ಇರುವ ತರುಣರು, ಅಧ್ಯಾಪಕರು ನಿಮ್ಮಲ್ಲಿ ಅನೇಕರಿರಬಹುದು. ಅಂಥವರಿಗೆ ನೆರವಾಗಲೆಂದು ಈ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲು ಒಂದು ಪ್ರಸಿದ್ಧ ಪ್ರಸಂಗವನ್ನು ನೋಡೋಣ. ಅದು ನಡೆದದ್ದು 1956ರ ಏಪ್ರಿಲ್ 9ರ ರಾತ್ರಿ, ಲಂಡನ್ನಿನಲ್ಲಿ. ಬಿ.ಬಿ.ಸಿ. ಟೆಲಿವಿಷನ್ನಿನ 'ಪನೋರಮಾ' ಕಾರ್ಯಕ್ರಮದಲ್ಲಿ ನಮ್ಮ ದೇಶದ ಜಾದೂಗಾರ ಪಿ.ಸಿ. ಸರ್ಕಾರ್ ಅವರಿಗೆ ಕೆಲವು ನಿಮಿಷ ಸಿಕ್ಕಿತ್ತು. ಅದು ನೇರ ಪ್ರಸಾರ. ಸರ್ಕಾರ್ ತಮ್ಮ 17 ವರ್ಷದ ಸಹಾಯಕಿಯನ್ನು ಸಮ್ಮೋಹನಕ್ಕೆ ಒಳಪಡಿಸಿದಂತೆ ಮಾಡಿ ಮೇಜಿನ ಮೇಲೆ ಮಲಗಿಸಿದರು. ಗಿರ್ರನೆ ತಿರುಗುವ ಯಂತ್ರದ ಗರಗಸ ಅವಳ ನಡುವಿನ ಮೂಲಕ ಹಾದುಹೋಯಿತು. ಗರಗಸ ನಿಂತಿತು. ಸರ್ಕಾರ್ ಅವಳ ಕೈಗಳನ್ನು ತಿಕ್ಕಿದರು, ಎಚ್ಚರಿಸಲು ನೋಡಿದರು. ಹುಡುಗಿ ಏಳಲಿಲ್ಲ. ಅವರು ತಲೆ ಅಲ್ಲಾಡಿಸಿ ಅವಳ ಮುಖದ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್‌ಬಿ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಹೇಳಿದರು. ಪರದೆಯ ಮೇಲೆ ಹೆಸರುಗಳು ಬಂದುಹೋದವು.

ಮನೆಗಳಲ್ಲಿ ಕುಳಿತು ನೋಡುತ್ತಿದ್ದವರು ತಾವು ಒಂದು ಕೊಲೆಯನ್ನೇ ಕಂಡೆವೆಂದು ಗಾಬರಿಯಾದರು. ಟೆಲಿವಿಷನ್ ಕೇಂದ್ರಕ್ಕೆ ದೂರವಾಣಿ ಕರೆಗಳ ಸುರಿಮಳೆಯಾಯಿತು. ಹುಡುಗಿ ಕ್ಷೇಮವಾಗಿದ್ದಾಳೆ ಎಂದು ಮತ್ತೆ ಪ್ರಕಟಿಸಬೇಕಾಯಿತು. ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ ಇದೇ ಸುದ್ದಿ. ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ನಡೆಯಲಿದ್ದ ಸರ್ಕಾರರ ಪ್ರದರ್ಶನಗಳ ಟಿಕೇಟುಗಳು ಖರ್ಚಾಗಿಹೋದವು. ಸಮಯ ಮುಗಿದದ್ದರಿಂದ ಕಾರ್ಯಕ್ರಮ ಅಲ್ಲಿಗೆ ನಿಂತಿತು ಎಂಬುದು ಆಗ ಕೊಟ್ಟ ವಿವರಣೆ. ಆದರೆ ಸರ್ಕಾರ್ ಗಡಿಯಾರಕ್ಕೆ ಸರಿಯಾಗಿ ಆಟ ನಡೆಸುವುದರಲ್ಲಿ ಹೆಸರಾಗಿದ್ದವರು. ಅದು ಲೆಕ್ಕ ಹಾಕಿ ಮಾಡಿದ ನಿಲುಗಡೆ ಎಂದೇ ಜಾದೂ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಸ್ಟುಡಿಯೋ ಗಡಿಯಾರದ ಕೊನೆಯ ಅರ್ಧ ನಿಮಿಷಕ್ಕೆ ಎಷ್ಟು ಬೆಲೆ ಎಂಬುದನ್ನು ಬಲ್ಲ ನನಗೂ ಅದೇ ಸರಿ ಎನಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಆಟ ಹೊಸದಾಗಿರಲಿಲ್ಲ. ಹೆಂಗಸನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ಯುವ ಆಟವನ್ನು 1921ರ ಜನವರಿಯಲ್ಲಿ ಪಿ.ಟಿ. ಸೆಲ್ಬಿಟ್ ಎಂಬ ಜಾದೂಗಾರ ಅದೇ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ತೋರಿಸಿದ್ದರು. ಪೆಟ್ಟಿಗೆಯೇ ಇಲ್ಲದೆ ಯಂತ್ರದ ಗರಗಸ ಬಳಸುವ ಬಗೆಯನ್ನು ಹೊರೇಸ್ ಗೋಲ್ಡಿನ್ ಆಮೇಲೆ ರಂಗಕ್ಕೆ ತಂದಿದ್ದರು. ಅಂದರೆ ಸರ್ಕಾರರ ಕೈಯಲ್ಲಿದ್ದದ್ದು 35 ವರ್ಷ ಹಳೆಯದಾದ ಆಟದ ಒಂದು ರೂಪ. ಆ ರಾತ್ರಿ ಹೊಸದಾಗಿ ಬಂದದ್ದು ಗುಟ್ಟಲ್ಲ, ಆಟವನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ. ಹುಡುಗಿ ಎದ್ದು ನಿಂತು ನಗುತ್ತಾ ಕೈಮುಗಿದಿದ್ದರೆ ಜನ ಚಪ್ಪಾಳೆ ತಟ್ಟಿ ಮಲಗುತ್ತಿದ್ದರು. ಅವಳು ಏಳದೆ ಹೋದದ್ದರಿಂದ ಪ್ರೇಕ್ಷಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಉತ್ತರ ಸಿಗದ ಪ್ರಶ್ನೆಯನ್ನು ಮನಸ್ಸು ಸುಲಭವಾಗಿ ಕೆಳಗಿಡುವುದಿಲ್ಲ. ಗರಗಸದ ಆಟದ ಗುಟ್ಟನ್ನು ನಾನು ಇಲ್ಲಿ ಹೇಳುವುದಿಲ್ಲ. ಇಂದಿಗೂ ಅದರಿಂದ ಜೀವನ ನಡೆಸುವವರಿದ್ದಾರೆ.

ಇನ್ನು ನೆನಪಿನ ವಿಷಯ. ಜಗತ್ತಿನಲ್ಲೆಲ್ಲಾ 'ಭಾರತದ ಹಗ್ಗದ ಆಟ' ಎಂದು ಹೆಸರಾದ ಒಂದು ಕಥೆಯಿದೆ. ಬಯಲಿನಲ್ಲಿ ಜಾದೂಗಾರ ಹಗ್ಗವನ್ನು ಮೇಲಕ್ಕೆ ಎಸೆಯುತ್ತಾನೆ, ಅದು ಕೋಲಿನಂತೆ ನಿಲ್ಲುತ್ತದೆ, ಹುಡುಗನೊಬ್ಬ ಹತ್ತಿ ಮಾಯವಾಗುತ್ತಾನೆ ಎಂಬ ಕಥೆ. ಹಗ್ಗದ ಮೇಲೆ ಆಕಾಶಕ್ಕೆ ಏರುವ ಮಾಯಾವಿಯ ಹೋಲಿಕೆ ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲೇ ಬರುತ್ತದೆ. ಕತ್ತಿ ಗುರಾಣಿ ಹಿಡಿದು ಏರುವಂತೆ ಕಾಣುವವನು ಒಬ್ಬ, ನಿಜವಾದ ಮಾಯಾವಿ ನೆಲದ ಮೇಲೇ ನಿಂತಿರುತ್ತಾನೆ ಎಂಬುದು ಅಲ್ಲಿನ ಮಾತು. ಆದರೆ ಪಶ್ಚಿಮದಲ್ಲಿ ಈ ಆಟಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು 1890ರಲ್ಲಿ, ಅಮೆರಿಕದ 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ. ಅದು ಕಟ್ಟುಕಥೆ ಎಂದು ಕೆಲವೇ ತಿಂಗಳಲ್ಲಿ ಪತ್ರಿಕೆಯೇ ಒಪ್ಪಿಕೊಂಡಿತು. ಆದರೂ ತಾವು ಕಣ್ಣಾರೆ ಕಂಡೆವೆಂದು ಹೇಳುವವರು ಮುಂದೆಯೂ ಬರುತ್ತಲೇ ಇದ್ದರು.

ಇಂಥ ಹೇಳಿಕೆಗಳನ್ನೆಲ್ಲಾ ಕಲೆಹಾಕಿ ರಿಚರ್ಡ್ ವೈಸ್‌ಮನ್ ಮತ್ತು ಪೀಟರ್ ಲಾಮಾಂಟ್ ಎಂಬ ಬ್ರಿಟನ್ನಿನ ಸಂಶೋಧಕರು 1996ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಆಟ ನೋಡಿದ್ದಕ್ಕೂ ಅದನ್ನು ಹೇಳಿದ್ದಕ್ಕೂ ನಡುವೆ ವರ್ಷಗಳು ಕಳೆದಷ್ಟೂ ವರ್ಣನೆ ಹೆಚ್ಚು ಅದ್ಭುತವಾಗುತ್ತಾ ಹೋಗಿತ್ತು. ಹೇಳಿದವರೆಲ್ಲರೂ ಸುಳ್ಳುಗಾರರು ಎಂದು ತಿಳಿಯಬೇಕಾಗಿಲ್ಲ. ನೆನಪು ಎಂಬುದು ಕಪಾಟಿನಲ್ಲಿ ಇಟ್ಟ ಕ್ಯಾಸೆಟ್ ಅಲ್ಲ. ಪ್ರತಿ ಸಲ ಹೊರತೆಗೆದಾಗಲೂ ನಾವು ಅದನ್ನು ಹೊಸದಾಗಿ ಕಟ್ಟುತ್ತೇವೆ. ಕಟ್ಟುವಾಗ ಸಪ್ಪೆ ವಿವರಗಳು ಉದುರಿಹೋಗುತ್ತವೆ, ರುಚಿಯಾದ ವಿವರಗಳು ದಪ್ಪವಾಗುತ್ತವೆ. ಹೀಗೆ ಉದುರಬೇಕಾದದ್ದನ್ನು ಸಪ್ಪೆಯಾಗಿ ಮಾಡಿ, ಉಳಿಯಬೇಕಾದದ್ದನ್ನು ರುಚಿಯಾಗಿ ಮಾಡುವುದೇ ಜಾದೂಗಾರನ ಸಿದ್ಧತೆಯ ತಿರುಳು.

ಇದರಿಂದ ಮೊದಲ ನಿಯಮ ತಾನಾಗಿಯೇ ಹೊರಡುತ್ತದೆ. ನೀವು ಆರಿಸುವ ಆಟವನ್ನು ಎಂಟು ವರ್ಷದ ಮಗು ಒಂದೇ ವಾಕ್ಯದಲ್ಲಿ ಮನೆಯವರಿಗೆ ಹೇಳುವಂತಿರಬೇಕು. "ಹುಡುಗಿಯನ್ನು ಗರಗಸದಲ್ಲಿ ಕೊಯ್ದರು." "ಚೊಂಬಿನ ನೀರು ಮುಗಿಯಲೇ ಇಲ್ಲ." ಇವು ವಾಕ್ಯಗಳು. "ಏಳು ಎಲೆ ತೆಗೆದು, ಅದರಲ್ಲಿ ಮೂರು ವಾಪಸು ಇಟ್ಟು, ಉಳಿದದ್ದನ್ನು ಎರಡು ಭಾಗ ಮಾಡಿ..." ಎಂದು ಸಾಗುವ ಇಸ್ಪೀಟಿನ ಆಟ ಎಷ್ಟೇ ಜಾಣ್ಮೆಯದಾದರೂ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.

ಚೊಂಬಿನ ಮಾತು ಬಂದದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸರ್ಕಾರ್ ತಮ್ಮ 'ಇಂದ್ರಜಾಲ' ಪ್ರದರ್ಶನದಲ್ಲಿ 'ವಾಟರ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ ಇದನ್ನು ಮಾಡುತ್ತಿದ್ದರು. ರಂಗದ ಮೇಲೆ ಒಂದು ಚೊಂಬು. ಅದರ ನೀರನ್ನೆಲ್ಲಾ ಸುರಿದು ಖಾಲಿ ಮಾಡಿ ಕೆಳಗಿಡುತ್ತಾರೆ. ಬೇರೆ ಆಟ ನಡೆಯುತ್ತದೆ. ಮತ್ತೆ ಬಂದು ಚೊಂಬನ್ನು ಬಗ್ಗಿಸಿದರೆ ಮತ್ತೆ ನೀರು! ಇದರ ತತ್ತ್ವ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ. ಅದನ್ನು ವಿವರಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ತಡೆತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದ ಕೂಡಲೇ ಧಾರೆಯಾಗಿ ಸುರಿಯುತ್ತದೆ. ಗಾಳಿ ಒಳಗೆ ಹೋದರೆ ಮಾತ್ರ ದ್ರವ ಹೊರಗೆ ಬರುತ್ತದೆ. ಪ್ರಯೋಗಶಾಲೆಯಲ್ಲಿ ಪಿಪೆಟ್ಟಿನ ಮೇಲ್ತುದಿಯನ್ನು ತೋರುಬೆರಳಿನಿಂದ ಮುಚ್ಚಿ ದ್ರವವನ್ನು ಎತ್ತುವುದೂ ಇದೇ ನಿಯಮದಿಂದ. ವಾತಾವರಣದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲದು. ಹೀಗಿರುವಾಗ ಒಂದು ಗೇಣು ನೀರು ಅದಕ್ಕೆ ಯಾವ ಲೆಕ್ಕ?

ಜಾದೂ ಚೊಂಬಿನಲ್ಲಿ ಒಳಗೊಂದು ಗೋಡೆ ಇರುತ್ತದೆ. ನಡುವೆ ಬಾವಿಯಂಥ ಜಾಗ, ಸುತ್ತಲೂ ಹೊರಗೆ ಕಾಣದ ಕೋಣೆ. ತಳದಲ್ಲಿ ಎರಡನ್ನೂ ಕೂಡಿಸುವ ಸಣ್ಣ ರಂಧ್ರ. ಮೇಲೆ ಕಂಠದ ಬಳಿ, ಹೆಬ್ಬೆರಳು ಸಹಜವಾಗಿ ಬೀಳುವ ಕಡೆ, ಗುಪ್ತ ಕೋಣೆಗೆ ಗಾಳಿ ಹೋಗಲು ಇನ್ನೊಂದು ರಂಧ್ರ. ಮೊದಲು ಎರಡೂ ಕಡೆ ನೀರು ತುಂಬಿರುತ್ತದೆ. ಹೆಬ್ಬೆರಳಿನಿಂದ ಮೇಲಿನ ರಂಧ್ರವನ್ನು ಮುಚ್ಚಿ ಬಗ್ಗಿಸಿದರೆ ನಡುವಿನ ನೀರು ಮಾತ್ರ ಹೊರಬರುತ್ತದೆ. ಕೆಳಗಿಟ್ಟು ಬೆರಳು ತೆಗೆದರೆ, ಸುತ್ತಲಿನ ನೀರು ತಳದ ರಂಧ್ರದಿಂದ ಒಳಗೆ ಬಂದು ಎರಡೂ ಕಡೆ ಸಮಮಟ್ಟಕ್ಕೆ ನಿಲ್ಲುತ್ತದೆ. ಇಂಥ ಚೊಂಬು ಜಾದೂ ಸಾಮಗ್ರಿ ಮಾರುವವರಲ್ಲಿ ಸಿಗುತ್ತದೆ.

ಗುಟ್ಟು ಇಷ್ಟೇ. ಈಗ ಇದರ ಲೆಕ್ಕ ನೋಡಿ. ಹೊರಕೋಣೆಯಲ್ಲಿ ಒಳಬಾವಿಯ ಮೂರರಷ್ಟು ನೀರು ಹಿಡಿಯುತ್ತದೆ ಎಂದುಕೊಳ್ಳಿ. ಮೊದಲ ಸಲ ಪೂರ್ತಿ ನೀರು ಬೀಳುತ್ತದೆ, ಎರಡನೆಯ ಸಲ ಅದರ ಮುಕ್ಕಾಲು ಪಾಲು, ಮೂರನೆಯ ಸಲ ನೂರಕ್ಕೆ 56, ನಾಲ್ಕನೆಯ ಸಲ ನೂರಕ್ಕೆ 42. ಅಂದರೆ ನೀರು ಸಲದಿಂದ ಸಲಕ್ಕೆ ಕಡಿಮೆಯಾಗುತ್ತಲೇ ಇರುತ್ತದೆ. ಅದಕ್ಕಾಗಿ ನೀರನ್ನು ಅಳತೆ ಕಾಣುವ ಗಾಜಿನ ಲೋಟಕ್ಕೆ ಸುರಿಯಬಾರದು. ಬಕೆಟ್ಟಿಗೆ, ಎತ್ತರದಿಂದ, ಸದ್ದಾಗುವಂತೆ ಸುರಿಯಬೇಕು. ಕಣ್ಣು ಪ್ರಮಾಣವನ್ನು ಅಳೆಯುವುದಿಲ್ಲ, ಧಾರೆಯನ್ನು ನೋಡುತ್ತದೆ. ಇನ್ನೊಂದು ವಿಷಯ: ತಳದ ರಂಧ್ರ ಸಣ್ಣದಾದ್ದರಿಂದ ಮತ್ತೆ ತುಂಬಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಒಂದಾದ ಮೇಲೊಂದರಂತೆ ಸುರಿಯಲು ಆಗುವುದಿಲ್ಲ, ನಡುವೆ ಬೇರೆ ಏನಾದರೂ ನಡೆಯಲೇಬೇಕು. ಭೌತವಿಜ್ಞಾನ ಹಾಕಿದ ಈ ನಿರ್ಬಂಧವೇ ಆಟಕ್ಕೆ ಪಲ್ಲವಿಯ ಗುಣ ತಂದಿತು. ಪ್ರೇಕ್ಷಕರು ಚೊಂಬನ್ನು ಮರೆತಿರುತ್ತಾರೆ. ಆಗ ಜಾದೂಗಾರ ಮತ್ತೆ ಅದರ ಬಳಿಗೆ ಬರುತ್ತಾನೆ. ಮೂರನೆಯ ಸಲ ಅವನು ಆ ಕಡೆ ಹೆಜ್ಜೆ ಇಟ್ಟ ಕೂಡಲೇ ಮಕ್ಕಳು ನಗಲು ಆರಂಭಿಸುತ್ತಾರೆ. ಒಂದೇ ಆಟವನ್ನು ಎರಡನೆಯ ಸಲ ಮಾಡಬೇಡ ಎಂಬುದು ಜಾದೂಗಾರರ ಹಳೆಯ ನಿಯಮ. ಆ ನಿಯಮ ಮುರಿದು ಗೆಲ್ಲುವ ಕೆಲವೇ ಆಟಗಳಲ್ಲಿ ಇದೊಂದು.

ಈ ಆಟಕ್ಕೆ ತಾಲೀಮು ಎಷ್ಟು ಬೇಕು ಎಂದು ನೀವು ಕೇಳಬಹುದು. ಹೆಬ್ಬೆರಳಿನ ಕೆಲಸವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ಹೆಬ್ಬೆರಳನ್ನು ಮರೆಯಲು ವಾರಗಳೇ ಬೇಕು. ನಿಮ್ಮ ಗಮನ ಬೆರಳಿನ ಮೇಲಿದ್ದರೆ ಪ್ರೇಕ್ಷಕರ ಗಮನವೂ ಅಲ್ಲಿಗೇ ಬರುತ್ತದೆ. ಮೊದಲು ಮಾಮೂಲಿ ಚೊಂಬಿನಲ್ಲಿ ನೀರು ಸುರಿಯುತ್ತಾ ನಿಮ್ಮ ಕೈ ಸಹಜವಾಗಿ ಹೇಗೆ ಹಿಡಿಯುತ್ತದೆ ಎಂದು ನೋಡಿಕೊಳ್ಳಿ. ಆಮೇಲೆ ಜಾದೂ ಚೊಂಬನ್ನು ಹಾಗೆಯೇ ಹಿಡಿಯಲು ಕಲಿಯಿರಿ. ಕನ್ನಡಿಯ ಮುಂದಿನ ತಾಲೀಮು ಸಾಲದು, ಏಕೆಂದರೆ ಕನ್ನಡಿ ಒಂದೇ ಕಡೆಯಿಂದ ನೋಡುತ್ತದೆ. ಗೆಳೆಯರನ್ನು ಎಡತುದಿ, ಬಲತುದಿ, ಮುಂದಿನ ಸಾಲಿನ ನೆಲ, ಹಿಂದಿನ ಸಾಲಿನ ಬೆಂಚು, ಹೀಗೆ ಬೇರೆಬೇರೆ ಕಡೆ ಕೂರಿಸಿ ನೋಡಿಸಿ. ನಮ್ಮ ಬೀದಿ ಜಾದೂಗಾರರೂ, ಕೈಚಳಕಕ್ಕೆ ಹೆಸರಾದ ಸುಡುಗಾಡು ಸಿದ್ಧರೂ ಸುತ್ತಲೂ ನೆರೆದ ಜನರ ನಡುವೆ, ನೆಲದ ಮೇಲೆ, ಹಗಲು ಬೆಳಕಿನಲ್ಲಿ ಆಟ ತೋರಿಸುತ್ತಾ ಬಂದವರು. ಬೆನ್ನ ಹಿಂದೆ ಪರದೆ, ತಲೆಯ ಮೇಲೆ ದೀಪ ಇರುವ ನಾವು ಅವರ ಶ್ರಮವನ್ನು ನೆನೆದರೆ ತಾಲೀಮಿಗೆ ಬೇಸರ ಬರುವುದಿಲ್ಲ.

ಸಣ್ಣ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಚೊಂಬಿನ ಪಕ್ಕದಲ್ಲಿ ಮೈಕ್ ಇಡಬೇಡಿ. ಒಳಗೆ ನೀರು ಸರಿಯುವ ಸಣ್ಣ ಸದ್ದನ್ನು ಕಿವಿ ಬಿಟ್ಟರೂ ಮೈಕ್ ಬಿಡುವುದಿಲ್ಲ. ಚೊಂಬನ್ನು ಮುಂಚೆಯೇ ತುಂಬಿಸಿ, ಮೈಮೇಲಿನ ಹನಿಗಳನ್ನು ಒರೆಸಿಡಿ. ಆಟ ಮುಗಿದ ಮೇಲೆ ಒಳಕೋಣೆಯನ್ನು ಒಣಗಿಸಿಡಿ. ವೇದಿಕೆಯ ನೆಲ ಒದ್ದೆಯಾದರೆ ಮುಂದಿನ ನೃತ್ಯದ ಮಕ್ಕಳು ಜಾರಿ ಬೀಳುತ್ತಾರೆ. ಬಕೆಟ್ಟಿನ ಕೆಳಗೊಂದು ಗೋಣಿಚೀಲ ಹಾಸಲು ಮರೆಯಬೇಡಿ.

ಇನ್ನು ಪ್ರೇಕ್ಷಕರ ಗಮನದ ಬಗ್ಗೆ. ಕಣ್ಣು ತೆರೆದಿದ್ದರೆ ಎದುರಿನದೆಲ್ಲಾ ಕಾಣುತ್ತದೆ ಎಂದು ನಾವು ನಂಬಿದ್ದೇವೆ. ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಷಾಬ್ರಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡಾಟದ ಒಂದು ಚಿತ್ರ ತೋರಿಸಿ, ಆಟಗಾರರು ಎಷ್ಟು ಸಲ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷ ಹಾಕಿದ ಒಬ್ಬರು ಬಂದು ಎದೆ ಬಡಿದುಕೊಂಡು ಹೋದರು. ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಗೊರಿಲ್ಲಾವನ್ನು ಗಮನಿಸಲೇ ಇಲ್ಲ! 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಜಾದೂಗಾರ ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿದ. ಮೂರನೆಯ ಸಲ ಎಸೆದಂತೆ ನಟಿಸಿ, ಮೇಲೆ ನೋಡಿದ. ಚೆಂಡು ಕೈಯಲ್ಲೇ ಇತ್ತು. ಆದರೂ ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು ಕಂಡೆವೆಂದರು. ಜಾದೂಗಾರ ಮೇಲೆ ನೋಡದೆ ತನ್ನ ಕೈಯನ್ನು ನೋಡಿಕೊಂಡಾಗ ಹಾಗೆ ಹೇಳಿದವರು ಮೂರರಲ್ಲಿ ಒಂದು ಪಾಲು ಮಾತ್ರ.

ಇದರಿಂದ ಕಲಿಯಬೇಕಾದ ಪಾಠ ಸರಳ. ನೀವು ಎಲ್ಲಿ ನೋಡುತ್ತೀರೋ ಜನ ಅಲ್ಲಿ ನೋಡುತ್ತಾರೆ. ಏನನ್ನು ಮುಖ್ಯವೆಂದು ನಂಬುತ್ತೀರೋ ಅದನ್ನೇ ಅವರೂ ನಂಬುತ್ತಾರೆ. ಚೊಂಬನ್ನು ಕೆಳಗಿಟ್ಟ ಮೇಲೆ ಅದರ ಕಡೆ ಕಳ್ಳನೋಟ ಬೀರಬೇಡಿ. ಖಾಲಿ ಚೊಂಬಿನ ಬಗ್ಗೆ ನಿಮಗೆ ಏನು ಕುತೂಹಲ?

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಜಾದೂಗಾರನಿಗೂ ಸಲ್ಲುತ್ತದೆ. ಆಟಕ್ಕೆ ಒಂದು ಕಥೆ ಬೇಕು, ಆ ಕಥೆ ಎದುರಿಗೆ ಕುಳಿತವರ ಬದುಕಿನದಾಗಿರಬೇಕು. ಬೇಸಗೆ ಬಂತೆಂದರೆ ನಲ್ಲಿಯ ಮುಂದೆ ಕೊಡಗಳ ಸಾಲು ನಿಲ್ಲುವ ಊರಿನಲ್ಲಿ, ಟ್ಯಾಂಕರ್ ಬರುವ ದಾರಿ ಕಾಯುವ ಬಡಾವಣೆಯಲ್ಲಿ, ಮುಗಿಯದ ಚೊಂಬಿನ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ. "ಮೂರು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಇರುವುದು ಇದೊಂದೇ ಚೊಂಬು" ಎಂದು ಆರಂಭಿಸಿ. ಒಬ್ಬರಾದ ಮೇಲೊಬ್ಬರು ನೀರು ಕೇಳಲು ಬರಲಿ: ಅಜ್ಜಿ, ಪಕ್ಕದ ಮನೆಯವರು, ಬಾಡಿಗೆದಾರರು. ಪ್ರತಿಯೊಬ್ಬರಿಗೂ ಚೊಂಬು ಖಾಲಿಯಾಗುವವರೆಗೆ ಕೊಡಿ. ಕೊನೆಯ ಸಲ ಬರುವುದು ಸ್ವಲ್ಪವೇ ನೀರು ಎಂದು ಲೆಕ್ಕ ಹೇಳಿತಲ್ಲ? ಅದನ್ನು ಬಕೆಟ್ಟಿಗೆ ಸುರಿದರೆ ಸೋತಂತೆ ಕಾಣುತ್ತದೆ. ಒಂದು ಮಗುವನ್ನು ಕರೆದು ಆ ನೀರನ್ನು ಹೂವಿನ ಕುಂಡಕ್ಕೆ ಹನಿಸಲು ಹೇಳಿ, ಅಲ್ಲಿಗೆ ನಿಲ್ಲಿಸಿ. ಆ ಸ್ವಲ್ಪ ನೀರಿಗೇ ದೊಡ್ಡ ಅರ್ಥ ಬರುತ್ತದೆ. ಮಗುವಿನ ಕೈಗೆ ಚೊಂಬು ಕೊಡುವ ಮೊದಲು ನಿಮ್ಮ ಹೆಬ್ಬೆರಳು ತನ್ನ ಕೆಲಸ ಮುಗಿಸಿರಬೇಕು, ಅಷ್ಟೇ.

ಪ್ರೇಕ್ಷಕರಲ್ಲಿ ಒಬ್ಬರನ್ನು ವೇದಿಕೆಗೆ ಕರೆದಾಗ ಅವರನ್ನು ಮನೆಗೆ ಬಂದ ಅತಿಥಿಯಂತೆ ನೋಡಿಕೊಳ್ಳಿ. ಅವರ ಕಿವಿಯಿಂದ ಮೊಟ್ಟೆ ತೆಗೆಯುವುದು, ಹೆಸರು ಹಿಡಿದು ಗೇಲಿ ಮಾಡುವುದು ನಗು ತರಬಹುದು. ಆದರೆ ಆ ವ್ಯಕ್ತಿಯ ನೆನಪಿನಲ್ಲಿ ಉಳಿಯುವುದು ಅವಮಾನ. ನಾಚುವ ಮಗುವನ್ನು ಎಳೆದು ತರಬೇಡಿ. ಆಟದ ಕೊನೆಗೆ ಚಪ್ಪಾಳೆಯನ್ನು ಅವರ ಕಡೆಗೆ ತಿರುಗಿಸಿ. "ನೀವೇ ಹಿಡಿದಿದ್ದಿರಿ, ನೀವೇ ನೀರು ಹನಿಸಿದಿರಿ" ಎಂದು ನಡೆದದ್ದನ್ನು ಒಮ್ಮೆ ನೆನಪಿಸಿ. ಮನೆಗೆ ಹೋಗಿ ಅವರು ಹೇಳುವ ಕಥೆಯ ಮೊದಲ ವಾಕ್ಯವನ್ನು ನೀವೇ ಕೊಟ್ಟು ಕಳಿಸಿದಂತಾಗುತ್ತದೆ.

ಟೆಲಿವಿಷನ್ನಿನವನಾಗಿ ಒಂದು ಮಾತು. ಎದುರಿಗೆ ಜನ ಕುಳಿತಿರುವ ಆಟಕ್ಕೂ ಕ್ಯಾಮೆರಾದ ಮುಂದಿನ ಆಟಕ್ಕೂ ಬಹಳ ವ್ಯತ್ಯಾಸವಿದೆ. ಮನುಷ್ಯರ ಕಣ್ಣು ನಿಮ್ಮ ನಗುವನ್ನು ನೋಡುತ್ತದೆ, ಪಕ್ಕದವರ ಮುಖ ನೋಡುತ್ತದೆ, ರೆಪ್ಪೆ ಬಡಿಯುತ್ತದೆ. ಕ್ಯಾಮೆರಾ ರೆಪ್ಪೆ ಬಡಿಯುವುದಿಲ್ಲ. ಇಂದು ಪ್ರತಿಯೊಬ್ಬರ ಕಿಸೆಯಲ್ಲೂ ಮೊಬೈಲ್ ಕ್ಯಾಮೆರಾ ಇದೆ, ನಿಮ್ಮ ಆಟವನ್ನು ಹತ್ತು ಸಲ ಹಿಂದಕ್ಕೆ ತಿರುಗಿಸಿ ನೋಡಬಹುದು. ಇನ್ನೊಂದು ಕಡೆ, ದೃಶ್ಯ ಕತ್ತರಿಸಿ ಜೋಡಿಸುವ ನಮ್ಮ ವಿದ್ಯೆ ಇರುವುದರಿಂದ ಪರದೆಯ ಮೇಲಿನ ಜಾದೂವನ್ನು ಜನ ಸುಲಭವಾಗಿ ನಂಬುವುದೂ ಇಲ್ಲ. ಆದ್ದರಿಂದಲೇ ಆಟದ ಮುಖ್ಯ ಘಟ್ಟದಲ್ಲಿ ದೃಶ್ಯವನ್ನು ಕತ್ತರಿಸದೆ, ಪ್ರೇಕ್ಷಕರೂ ಜಾದೂಗಾರನೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಚಿತ್ರೀಕರಿಸುವುದು ಒಳ್ಳೆಯ ಪದ್ಧತಿ. ನಿಮ್ಮ ಶಾಲೆಯ ಆಟವನ್ನು ಯಾರಾದರೂ ಚಿತ್ರೀಕರಿಸುವುದಾದರೆ ಇದನ್ನೇ ಕೇಳಿಕೊಳ್ಳಿ.

ಅಪಾ​ಯದ ಆಟಗಳ ಬಗ್ಗೆ ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ವಿಲಿಯಂ ರಾಬಿನ್ಸನ್ ಚೀನೀ ವೇಷದಲ್ಲಿ 'ಚುಂಗ್ ಲಿಂಗ್ ಸೂ' ಎಂಬ ಹೆಸರಿನಿಂದ ಆಟ ತೋರಿಸುತ್ತಿದ್ದರು. ಹಾರಿಸಿದ ಗುಂಡನ್ನು ಹಿಡಿಯುವುದು ಅವರ ಪ್ರಸಿದ್ಧ ಆಟ. 1918ರ ಮಾರ್ಚ್ 23ರಂದು ಲಂಡನ್ನಿನ ರಂಗದ ಮೇಲೆ ಕೋವಿಯೊಳಗಿನ ಗುಪ್ತ ವ್ಯವಸ್ಥೆ ಕೈಕೊಟ್ಟು ನಿಜವಾದ ಗುಂಡೇ ಎದೆಗೆ ಬಡಿಯಿತು. ಮರುದಿನ ಅವರು ತೀರಿಕೊಂಡರು. ನಮ್ಮ ದೇಶದಲ್ಲೇ 2019ರ ಜೂನ್‌ನಲ್ಲಿ, ಕೊಲ್ಕತ್ತಾದ ಚಂಚಲ್ ಲಾಹಿರಿ ಕೈಕಾಲುಗಳಿಗೆ ಸರಪಳಿ ಬಿಗಿಸಿಕೊಂಡು ಹೂಗ್ಲಿ ನದಿಗೆ ಇಳಿದು ಮತ್ತೆ ಮೇಲೆ ಬರಲಿಲ್ಲ. ಇಬ್ಬರೂ ಅನನುಭವಿಗಳಲ್ಲ. ನೆನಪಿನಲ್ಲಿ ಉಳಿಯಬೇಕೆಂದು ಬೆಂಕಿ, ನೀರು, ಆಯುಧಗಳ ಜೊತೆ ಆಡಬೇಕಾಗಿಲ್ಲ. ಒಂದು ಚೊಂಬು ನೀರು ಸಾಕೆಂಬುದನ್ನು ಈಗಾಗಲೇ ನೋಡಿದೆವು.

ಕೊನೆಯದಾಗಿ, ಇವೆಲ್ಲಕ್ಕಿಂತ ಮುಖ್ಯವಾದ ಮಾತು. ನೆನಪು ಇಷ್ಟು ಸುಲಭವಾಗಿ ಬೆಳೆಯುತ್ತದೆಯಾದರೆ, ಅದನ್ನು ಬೆಳೆಸುವವನ ಮೇಲೆ ಜವಾಬ್ದಾರಿ ಇದೆ. ಗಡಿಯಾರ ಕೆಲಸದಿಂದ ಜಾದೂಗೆ ಬಂದ ಫ್ರಾನ್ಸಿನ ರಾಬರ್ಟ್ ಹೂಡಿನ್ ಬಳಿ ಒಂದು ಪುಟ್ಟ ಪೆಟ್ಟಿಗೆ ಇತ್ತು. ನೆಲದ ಕೆಳಗೆ ಅಡಗಿಸಿದ ವಿದ್ಯುತ್ಕಾಂತಕ್ಕೆ ಪ್ರವಾಹ ಹರಿಸಿದರೆ ಬಲಶಾಲಿಗೂ ಅದನ್ನು ಎತ್ತಲಾಗುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಇದು ವಿನೋದ. 1856ರಲ್ಲಿ ಫ್ರೆಂಚ್ ಸರ್ಕಾರ ಅವರನ್ನು ತನ್ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿ ಅದೇ ಪೆಟ್ಟಿಗೆಯನ್ನು, ಫ್ರೆಂಚರು ಒಬ್ಬನ ಬಲವನ್ನೇ ಕಿತ್ತುಕೊಳ್ಳಬಲ್ಲರು ಎಂದು ಜನರನ್ನು ಬೆದರಿಸಲು ಬಳಸಲಾಯಿತು. ಸಾಮಗ್ರಿ ಅದೇ, ವಿಜ್ಞಾನ ಅದೇ. ಒಂದು ಕಡೆ ಆಟ, ಇನ್ನೊಂದು ಕಡೆ ಮೋಸ.

ನಮ್ಮಲ್ಲಿಯೂ ಕೈಚಳಕವನ್ನೇ ಪವಾಡವೆಂದು ತೋರಿಸಿ ಜನರಿಂದ ಹಣ, ಭಕ್ತಿ ಎರಡನ್ನೂ ಪಡೆಯುವವರಿದ್ದಾರೆ. ಭೌತವಿಜ್ಞಾನಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದ್ದರು. ಜಾದೂಗಾರನಿಗೆ ಇಲ್ಲಿ ದೊಡ್ಡ ಪಾತ್ರವಿದೆ. "ಇದು ಆಟ, ನನಗೆ ಯಾವ ಶಕ್ತಿಯೂ ಇಲ್ಲ, ನಿಮ್ಮನ್ನು ಬೆರಗುಗೊಳಿಸಲು ಕಷ್ಟಪಟ್ಟು ಕಲಿತಿದ್ದೇನೆ" ಎಂದು ಅವನು ಹೇಳಿದರೆ ಆಟದ ಸೊಗಸು ಕಡಿಮೆಯಾಗುವುದಿಲ್ಲ. ಗುಟ್ಟನ್ನು ಬಿಚ್ಚಬೇಕಾಗಿಲ್ಲ, ಗುಟ್ಟು ಇದೆ ಎಂದು ಒಪ್ಪಿದರೆ ಸಾಕು. ಅದನ್ನು ಕೇಳಿದ ಮಗು ಮುಂದೆ ಯಾರಾದರೂ ಗಾಳಿಯಿಂದ ಬೂದಿ ತೆಗೆದುಕೊಟ್ಟಾಗ ಅವರ ಬೆರಳುಗಳ ಕಡೆ ಒಮ್ಮೆ ನೋಡುತ್ತದೆ.

ಸರ್ಕಾರ್ 1971ರ ಜನವರಿ 6ರಂದು ಜಪಾನಿನಲ್ಲಿ ಪ್ರದರ್ಶನ ಪ್ರವಾಸದಲ್ಲಿದ್ದಾಗಲೇ ನಿಧನರಾದರು. 2010ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅವರ ಗರಗಸದಷ್ಟೇ ಅವರ ಚೊಂಬೂ ಜನರ ನೆನಪಿನಲ್ಲಿದೆ. ನೀವೂ ಒಂದೇ ಒಂದು ಆಟವನ್ನು ಆರಿಸಿಕೊಳ್ಳಿ. ಅದರ ತತ್ತ್ವವನ್ನು ಚೆನ್ನಾಗಿ ತಿಳಿಯಿರಿ, ಮೈಗೂಡುವವರೆಗೆ ತಾಲೀಮು ಮಾಡಿ, ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ತೀರ್ಮಾನಿಸಿ. ಮುಂದಿನ ವಾರ್ಷಿಕೋತ್ಸವದ ಮರುದಿನ ನಿಮ್ಮ ಶಾಲೆಯ ಮಕ್ಕಳು ಮನೆಯ ಚೊಂಬನ್ನು ಬಗ್ಗಿಸಿ ಒಳಗೆ ಇಣುಕಿ ನೋಡಿದರೆ ನಿಮ್ಮ ಶ್ರಮ ಸಾರ್ಥಕ.